ಬೀರೂರಿನಲ್ಲಿ ಹಿಡಿದ ಎಡಗಡೆ ಹಳಿ

ಕಡೂರು ದಾಟುವವರೆಗೆ ನನಗೆ ಭಯವಿರಲಿಲ್ಲ, ಜಂಬವಿತ್ತು. ಎರಡು ಸೀಟಿನ ಪುಟ್ಟ ವಿಮಾನ, ಪಕ್ಕದ ಸೀಟು ಖಾಲಿ. ಒಬ್ಬಳೇ ಅಜ್ಜಂಪುರದವರೆಗೆ ಹೋಗಿ ತಿರುಗಿ ಬರಬೇಕಿತ್ತು. ಹಾರಲು ಕಲಿಸುತ್ತಿದ್ದ ಸರ್ ಹೊರಡುವಾಗ ಹೇಳಿದ್ದು ಇಷ್ಟೇ: "ನಮ್ ಸೀಮೆ ಅಂತ ಮೆರೀಬೇಡ. ಕಂಪಾಸ್ ನಂಬು. ತರೀಕೆರೆ ಗುಡ್ಡದ ಮೇಲೆ ಮೋಡ ಕೂತಿದೆ, ಆ ಕಡೆ ಹೋದ್ರೆ ಉಳಿಯಲ್ಲ."

ಕಡೂರಿನಲ್ಲೇ ಬೆಳೆದವಳಿಗೆ ಕಂಪಾಸ್ ಯಾಕೆ? ಕೆಳಗೆ ರೈಲು ಹಳಿ ಇತ್ತಲ್ಲ. ಬೀರೂರಿನಲ್ಲಿ ಅದು ಕವಲಾಗುತ್ತದೆ: ಉತ್ತರಕ್ಕೆ ಹೋದರೆ ಅಜ್ಜಂಪುರ, ಎಡಕ್ಕೆ ಹೋದರೆ ತರೀಕೆರೆ. ಪಿಯುಸಿ ಓದುವಾಗ ಎರಡು ವರ್ಷ ದಿನಾ ಆ ಎಡಗಡೆ ಹಳಿಯಲ್ಲೇ ಕಾಲೇಜಿಗೆ ಹೋಗಿದ್ದೆ. ಕೈ ತಾನೇ ವಿಮಾನವನ್ನು ಎಡಕ್ಕೆ ವಾಲಿಸಿತು. ನನಗದು ಗೊತ್ತೇ ಆಗಲಿಲ್ಲ.

ಕಂಪಾಸ್ ವಾಯವ್ಯ ತೋರಿಸುತ್ತಿತ್ತು. ಹಾಳಾದ್ದು ಕೆಟ್ಟಿದೆ ಎಂದು ಬೆರಳಿನಿಂದ ತಟ್ಟಿದೆ. ಕೆಳಗೆ ಈರುಳ್ಳಿ, ಜೋಳದ ಹೊಲಗಳಿರಬೇಕಿತ್ತು. ಕಂಡಿದ್ದು ಬರೀ ಅಡಿಕೆ. ಈಗ ಬೋರ್‌ವೆಲ್ ಕೊರೆಸಿದವರೆಲ್ಲ ಅಡಿಕೆ ಹಾಕುತ್ತಾರಲ್ಲ, ಅಜ್ಜಂಪುರದವರೂ ಹಾಕಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಜ್ಜಂಪುರದ ಕಡೆ ಕಾಣಬೇಕಿದ್ದ ಬುಕ್ಕಾಂಬುಧಿಯ ದೊಡ್ಡ ಕೆರೆ ಮಾತ್ರ ಬರಲೇ ಇಲ್ಲ.

ಎಡಗಡೆ ಕಿಟಕಿ ಕಪ್ಪಾಯಿತು. ಮಳೆ ಮೋಡ ಎಂದುಕೊಂಡೆ. ಅದರಲ್ಲಿ ಮರಗಳಿದ್ದವು.

ಎಂಥಾ ಮುಠ್ಠಾಳಿ ನಾನು ಎಂದು ಅರ್ಥವಾಗುವಷ್ಟರಲ್ಲಿ ಮುಂದಿನ ಗಾಜು ಬೆಳ್ಳಗಾಗಿ ಏನೂ ಕಾಣದಾಯಿತು. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯಲಿಲ್ಲ. ಗುಡ್ಡ ಎಷ್ಟು ದೂರದಲ್ಲಿದೆಯೋ, ಈಗ ಬಡಿಯುತ್ತೋ, ಇನ್ನೊಂದು ಗಳಿಗೆಗೆ ಬಡಿಯುತ್ತೋ. ಬೈದ ಕಂಪಾಸನ್ನೇ ನೋಡುತ್ತ, ಬೇರೆಲ್ಲೂ ಕಣ್ಣು ಹಾಯಿಸದೆ, ಮೆಲ್ಲಗೆ ಬಲಕ್ಕೆ ತಿರುಗಿಸಿದೆ. ಪೂರ್ವ ಬಂತು. ಬಹಳ ಹೊತ್ತಾದ ಮೇಲೆ ಬೆಳಕು ಬಂತು.

ಇಳಿದ ಮೇಲೆ ಸರ್‌ಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ನಕಾಶೆ ಮಡಿಸಿಕೊಂಡು ಎದ್ದು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಅಮ್ಮನ ಫೋನ್ ಬಂತು. "ತರೀಕೆರೆಯಿಂದ ನಿನ್ ದೊಡ್ಡಮ್ಮ ಫೋನ್ ಮಾಡಿದ್ಲು ಕಣೇ. ತೋಟದಲ್ಲಿದ್ಲಂತೆ. ಸಣ್ಣ ವಿಮಾನ ಒಂದು ಗುಡ್ಡದ ಮೋಡದೊಳಕ್ಕೆ ಹೋಯ್ತಂತೆ. ಆಚೆ ಬತ್ತದೆ ಅಂತ ಕಾಯ್ತಾ ನಿಂತ್ಲಂತೆ, ಬರಲೇ ಇಲ್ವಂತೆ. ಊಟಾನೇ ಮಾಡಿಲ್ಲ ಅವಳು."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡೆ.

"ನೀನು ಅಜ್ಜಂಪುರದ ಕಡೆಗಲ್ವೇನೇ ಹೋಗಿದ್ದು?"

"ಹೂಂ ಅಮ್ಮ," ಎಂದೆ.

"ಸದ್ಯ," ಎಂದಳು ಅಮ್ಮ. "ಆ ಮಗೀನ ಹೆತ್ತವಳ ಗತಿ ಏನೋ, ಪಾಪ. ಅವಳಿಗೆ ದೇವರು ಧೈರ್ಯ ಕೊಡ್ಲಿ ಅಂತ ಒಂದು ದೀಪ ಹಚ್ಚಿಟ್ಟಿದೀನಿ."