ಪೂಜೆಯಾದ ಯಂತ್ರ

ಈ ಸಲ ಆಯುಧ ಪೂಜೆಯ ದಿನ ಬೆಳಿಗ್ಗೆ ಎದ್ದಾಗ ತಲೆ ಸುತ್ತಿದಂತಾಯಿತು. ರಕ್ತದೊತ್ತಡ ನೋಡಿಕೊಳ್ಳೋಣವೆಂದು ಕಪಾಟು ತೆಗೆದರೆ ಬಿ.ಪಿ. ಯಂತ್ರ ಅಲ್ಲಿರಲಿಲ್ಲ. ದೇವರ ಮುಂದೆ, ಮಿಕ್ಸಿಗೂ ಈಳಿಗೆಮಣೆಗೂ ನಡುವೆ, ವಿಭೂತಿ ಹಚ್ಚಿಸಿಕೊಂಡು, ನೆತ್ತಿಯ ಮೇಲೊಂದು ಚೆಂಡುಹೂವು ಹೊತ್ತುಕೊಂಡು ಕೂತಿತ್ತು. ಕೈ ಚಾಚಿದೆ.

"ಪೂಜೆ ಆಗೈತೆ, ಇವತ್ತು ಮುಟ್ಟಬ್ಯಾಡ್ರಿ," ಎಂದಳು ಹೆಂಡತಿ. "ನಾಳೆ ನೋಡಿಕೊಂಡ್ರಾತು."

ನೀವಾಗಿದ್ದರೆ ನಕ್ಕುಬಿಡುತ್ತಿದ್ದಿರಿ. ನನಗೆ ಆ ಚೆಂಡುಹೂವಿನ ವಾಸನೆಗೆ ವಾಕರಿಕೆ ಬಂತು. ಬಿ.ಪಿ.ಯಿಂದಲೇ ಇರಬೇಕು ಎಂದುಕೊಂಡು ಅವಳು ನಿಂಬೆಹಣ್ಣಿನ ಪಾನಕ ತಂದಳು. ಅಲ್ಲ ಎನ್ನಲಿಲ್ಲ, ಕುಡಿದೆ. ಸುಳ್ಳನ್ನು ಇದ್ದಲ್ಲೇ ಇರಲು ಬಿಡುವುದು ನನಗೆ ಹಳೆಯ ಅಭ್ಯಾಸ.

ನಿವೃತ್ತನಾಗಿ ದಾವಣಗೆರೆಯ ಸರಸ್ವತಿ ನಗರಕ್ಕೆ ಬರುವ ಮೊದಲು ನಾನು ಹರಿಹರದ ಒಂದು ಸಣ್ಣ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ. ತಯಾರಾದ ಮಾಲನ್ನು ಅಳೆದು, ಪರೀಕ್ಷಿಸಿ, ಸಹಿ ಹಾಕುವ ಕೆಲಸ. ನೆಂಟರ ಮದುವೆಗಳಲ್ಲಿ ಯಾರಾದರೂ ಪೊಲೀಸ್ ಎಂದುಕೊಂಡರೆ ತಿದ್ದುತ್ತಿರಲಿಲ್ಲ. ಊಟದ ಎಲೆಗೆ ಹೋಳಿಗೆ ಒಂದು ಹೆಚ್ಚಿಗೆ ಬೀಳುತ್ತಿತ್ತು.

ನಾವು ಅಲ್ಲಿ ಮಾಡುತ್ತಿದ್ದುದು ಹಾಯಿದೋಣಿಗಳ ಪಿನ್ನು. ತುಂಗಭದ್ರೆ ಬೇಸಿಗೆಯಲ್ಲಿ ಮೊಣಕಾಲುದ್ದಕ್ಕೆ ಇಳಿಯುವ ಊರಿನಲ್ಲಿ, ಸಮುದ್ರವನ್ನೇ ಕಾಣದ ನಾವು, ಸಾಗರ ದಾಟುವ ಪಂದ್ಯದ ದೋಣಿಗಳಿಗೆ ಪಿನ್ನು ಮಾಡುತ್ತಿದ್ದೆವು. ಹೆಬ್ಬೆರಳಿನಷ್ಟು ದಪ್ಪದ ಉಕ್ಕಿನ ತುಂಡು. ಹಾಯಿಯ ಕಂಬ ಬೀಳದಂತೆ ನಾಲ್ಕು ದಿಕ್ಕಿನಿಂದ ಉಕ್ಕಿನ ಹಗ್ಗ ಬಿಗಿದಿರುತ್ತಾರಲ್ಲ, ಆ ಹಗ್ಗವನ್ನು ದೋಣಿಗೆ ಹಿಡಿದಿಡುವುದು ಅದೇ. ಪಂದ್ಯದ ವೀಡಿಯೊಗಳನ್ನು ಆಮೇಲೆ ನೋಡಿದ್ದೇನೆ. ಎರಡಂತಸ್ತಿನ ಮನೆಯೆತ್ತರದ ಅಲೆಗಳು. ವಾರಗಟ್ಟಲೆ ನೆಲ ಕಾಣದ ಜನ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಓಡಾಡುತ್ತಾರೆ. ಅವರ ಜೀವ ನಿಂತಿರುವುದು ಅವರು ಹೆಸರೇ ಕೇಳದ ಊರಿನ ಯಾರೋ ಮಾಡಿದ ಕೆಲಸದ ಮೇಲೆ. ಹುಚ್ಚರೆಂದು ಬೈಯಬೇಕೆನಿಸುತ್ತದೆ, ಆದರೆ ಹಾಗೆ ಬೈಯುವ ಯೋಗ್ಯತೆ ನನಗಿಲ್ಲ.

ಉಕ್ಕಿನ ಸರಳನ್ನು ಲೇಥ್ ಯಂತ್ರದಲ್ಲಿ ತಿರುಗಿಸಿ ಪಿನ್ನು ಕಡೆಯುತ್ತಿದ್ದವರು ದಸ್ತಗೀರ್ ಸಾಬ್ರು. ನಮ್ಮಲ್ಲಿ ಲೇಥಿನವರು ತಾವು ಮಾಡಿದ ತುಂಡಿನ ತಲೆಯ ಮೇಲೆ ತಮ್ಮ ನಂಬರು ಬಡಿಯಬೇಕು. ಅವರದು ಏಳು. ಏಳು ಬಡಿಯುವ ಮೊದಲು ತುಂಡನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಸುತ್ತಲೂ ಸವರಿ ನೋಡುತ್ತಿದ್ದರು. ನನ್ನ ಬಳಿ ಬರುವ ಹೊತ್ತಿಗೆ ನನಗೆ ಕೆಲಸವೇ ಉಳಿದಿರುತ್ತಿರಲಿಲ್ಲ. ಅದಕ್ಕೇ ನಾನು ಸೋಮಾರಿಯಾದೆ ಎಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಅದೂ ಸುಳ್ಳೇ. ನಾನು ಮೊದಲಿನಿಂದಲೂ ಸೋಮಾರಿ.

ಒಂದು ವರ್ಷ ಆಯುಧ ಪೂಜೆಯ ದಿನ ಪಿನ್ನನ್ನು ಜಗ್ಗಿ ಅದರ ಗಟ್ಟಿತನ ನೋಡುವ ಯಂತ್ರಕ್ಕೆ ಎರಡೂ ಕಡೆ ಬಾಳೆಕಂದು ಕಟ್ಟಿದ್ದೆವು. ಚೆಂಡುಹೂವಿನ ಹಾರದಲ್ಲಿ ಮುಳ್ಳು ತೋರಿಸುವ ಗಾಜೇ ಮುಚ್ಚಿಹೋಗಿತ್ತು. ಮಂಗಳಾರತಿ ಮುಗಿದ ಮೇಲೆ ಸಾಬ್ರು ಹತ್ತಿರ ಬಂದರು.

"ಸರ, ಈ ಸಲದ ಸರಳು ಬ್ಯಾರೆ ಕಡೆಯಿಂದ ಬಂದೈತೆ. ಕಡೆಯುವಾಗ ಸುರುಳಿ ಬರಬೇಕಾಗಿತ್ತು, ಪುಡಿಪುಡಿ ಬರ್ತೈತೆ, ಉಕ್ಕು ಪೆಡಸೈತೇನೋ. ಕಳಿಸೋ ಮೊದ್ಲು ಒಂದು ಪಿನ್ನಾದ್ರೂ ಜಗ್ಗಿ ನೋಡ್ರಿ."

"ಪೂಜೆ ಆದ ಮಷೀನು ಸಾಬ್ರೇ, ಇವತ್ತು ಚಾಲೂ ಮಾಡಂಗಿಲ್ಲ," ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಅದೆಲ್ಲ ನಿಮಗೆ ತಿಳಿಯಂಗಿಲ್ಲ ಬಿಡ್ರಿ."

ಪ್ರತಿ ವರ್ಷ ನಮಗಿಂತ ಮೊದಲೇ ಬಂದು, ತಮ್ಮ ಲೇಥನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಅದಕ್ಕೆ ತಾವೇ ತಂದ ಹೂವು ಏರಿಸುತ್ತಿದ್ದ ಮನುಷ್ಯನಿಗೆ ನಾನು ಆಡಿದ ಮಾತು ಅದು. ಅವರು ಮಂಡಕ್ಕಿ ಪ್ರಸಾದ ಕರವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ಹೋದರು.

ಸಂಜೆ ಲಾರಿ ಬಂತು. "ಹಿಂದಿನ ರಿಪೋರ್ಟ್ ಐತಲ್ಲ, ಅದನ್ನೇ ನೋಡಿ ಬರೆದು ಕಳಿಸ್ರಿ," ಎಂದರು ಕಾರ್ಖಾನೆಯ ಸಾಹುಕಾರ್ರು. ಹಾರ ಸರಿಸಿ ಒಂದು ಪಿನ್ನು ಜಗ್ಗಲು ಹತ್ತು ನಿಮಿಷ ಸಾಕಿತ್ತು. ಹಿಂದಿನ ಅಂಕಿಗಳನ್ನೇ ನಕಲು ಮಾಡಿ ಸಹಿ ಹಾಕಿದೆ. ಮರುದಿನ ಸಾಬ್ರು ಬಂದವರೇ, "ನೋಡಿದ್ರೇನ್ರಿ?" ಎಂದರು.

"ನೋಡಿದೆ. ಸರಿ ಐತೆ," ಎಂದೆ.

ಅವರ ಮುಖ ಹಗುರಾದದ್ದು ಇವತ್ತಿಗೂ ಕಣ್ಣಮುಂದಿದೆ.

ಕೆಲವು ತಿಂಗಳ ಮೇಲೆ ಪಿನ್ನು ಕೊಂಡಿದ್ದವರಿಂದ ಕಾಗದ ಬಂತು. ಇಂಗ್ಲಿಷಿನ ಕಾಗದವಾದ್ದರಿಂದ ಎಲ್ಲರೂ ಕೇಳುವಂತೆ ಕನ್ನಡದಲ್ಲಿ ಓದಿ ಹೇಳಿದವನು ನಾನೇ. ಪಂದ್ಯದ ನಡುವೆ ಬಿರುಗಾಳಿಯಲ್ಲಿ ಪಿನ್ನು ತುಂಡಾಗಿತ್ತು. ಹಾಯಿಯ ಕಂಬ ಉರುಳಿ, ಕೆಳಗೆ ಕೆಲಸ ಮಾಡುತ್ತಿದ್ದ ಹೆಂಗಸಿನ ಮೇಲೆ ಬಿದ್ದಿತ್ತು. ಹಡಗೊಂದು ಬಂದು ಮುಟ್ಟಲು ಎರಡು ದಿನ ಬೇಕಾಯಿತು. ಆಕೆ ಬದುಕಿದಳು, ಬಲಗಾಲು ಉಳಿಯಲಿಲ್ಲ. ಜೊತೆಗಿದ್ದ ಫೋಟೋದಲ್ಲಿ ಮುರಿದ ತುಂಡಿನ ತಲೆಯ ಮೇಲೆ ಏಳು ಸ್ಪಷ್ಟವಾಗಿ ಕಾಣುತ್ತಿತ್ತು.

ನಾನು ಸಹಿ ಹಾಕಿದ ರಿಪೋರ್ಟಿನ ಪ್ರಕಾರ ಉಕ್ಕು ಸರಿಯಾಗಿತ್ತು. ಉಕ್ಕು ಸರಿಯಿದ್ದ ಮೇಲೆ ತಪ್ಪು ಕಡೆದವನದೇ. ಅಂಚನ್ನು ಗುಂಡಗೆ ಬಿಡದೆ ಚೂಪಾಗಿ ಕಡೆದಿದ್ದಾರೆ, ಬಿರುಕು ಅಲ್ಲಿಂದಲೇ ಎದ್ದಿದೆ ಎಂದು ತೀರ್ಮಾನವಾಯಿತು, ಸಾಬ್ರನ್ನು ಕೆಲಸದಿಂದ ತೆಗೆದರು. ಅವರು ಹೋದ ಮೇಲೆ ಮೂಲೆಯಲ್ಲಿ ಉಳಿದಿದ್ದ ಅದೇ ಮಾಲಿನ ಒಂದು ಪಿನ್ನನ್ನು, ಯಾರೂ ಇಲ್ಲದ ಹೊತ್ತು ನೋಡಿ, ಯಂತ್ರಕ್ಕೆ ಹಾಕಿದೆ. ಮುಳ್ಳು ಅರ್ಧ ದಾರಿಗೂ ಏರಿರಲಿಲ್ಲ, ಪಿನ್ನು ಎರಡಾಯಿತು. ಎರಡೂ ತುಂಡನ್ನು ಗುಜರಿಯ ರಾಶಿಗೆ ಎಸೆದು ಬಂದು ಚಹಾ ಕುಡಿದೆ.

ಹನ್ನೊಂದು ವರ್ಷವಾಯಿತು. ಹೊಟ್ಟೆಯೊಳಗೆ ಇಂಥದ್ದನ್ನು ಇಟ್ಟುಕೊಂಡು ಮನುಷ್ಯ ಚೆನ್ನಾಗಿಯೇ ಬದುಕುತ್ತಾನೆ, ನಿದ್ದೆ ಕೆಡುತ್ತದೆ ಎನ್ನುವುದೆಲ್ಲ ಬರೀ ಮಾತು. ನಾನು ಚೆನ್ನಾಗಿ ನಿದ್ದೆ ಮಾಡಿದೆ. ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹಬ್ಬ ಕಳೆದು ಎರಡು ದಿನಕ್ಕೆ ಬಸ್ಸು ಹತ್ತಿ ಕಡರನಾಯಕನಹಳ್ಳಿಗೆ ಹೋದೆ. ಸಾಬ್ರು ಅಲ್ಲಿ ತಗಡಿನ ಶೆಡ್ಡಿನಲ್ಲಿ ಹಳೆಯ ಲೇಥೊಂದನ್ನು ಇಟ್ಟುಕೊಂಡು ಪಂಪ್‌ಸೆಟ್ಟಿನ ಶಾಫ್ಟು ರಿಪೇರಿ ಮಾಡುತ್ತಾರೆಂದು ಕೇಳಿದ್ದೆ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಬರ್ರಿ ಸರ, ಕೂಡ್ರಿ," ಎಂದು ಸ್ಟೂಲು ಒರೆಸಿದರು.

ಕೂರದೆ, ನಿಂತೇ ಎಲ್ಲವನ್ನೂ ಹೇಳಿದೆ. ಹಿಂದಿನ ಅಂಕಿ ಇಳಿಸಿದ್ದು, ನೋಡಿದೆ ಎಂದು ಸುಳ್ಳು ಹೇಳಿದ್ದು, ಆಮೇಲೆ ಜಗ್ಗಿದ ಪಿನ್ನು. ಬೈಯಲಿ, ಬೇಕಾದರೆ ಕಪಾಳಕ್ಕೆ ಹೊಡೆಯಲಿ ಎಂದು ಸಿದ್ಧನಾಗಿ ಹೋಗಿದ್ದೆ. ಅವರು ಲೇಥು ನಿಲ್ಲಿಸಿ, ಕೈಗೆ ಅಂಟಿದ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದರು.

"ಕೆಲಸ ಹೋತು, ಅದು ಇರ್ಲಿ," ಎಂದರು ಕೊನೆಗೆ. "ನೀವು ಜಗ್ಗಿ ನೋಡೀರಿ ಅಂತ ನಾ ನಂಬಿದ್ದೆ. ಉಕ್ಕು ಸರಿ ಐತೆ ಅಂದ್ರೆ ನನ್ನ ಕೈಯೇ ತಪ್ಪೈತೆ ಅಂದ್ಕೊಂಡೆ. ಹನ್ನೊಂದು ವರ್ಷ ಆತು ಸರ, ದಿನಾ ನಮಾಜ್ ಆದ್ಮ್ಯಾಲೆ ಆ ಹೆಣ್ಣುಮಗಳ ಹೆಸರು ತಗೊಂಡು ಮಾಫಿ ಕೇಳ್ತೀನಿ. ನನ್ನ ಕೈ ಆಕೆ ಕಾಲು ತಿಂತು ಅಂತ."

ಕೈಯಲ್ಲಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟರು.

"ಇನ್ನ ಮ್ಯಾಲೆ ನೀವು ಕೇಳ್ರಿ," ಎಂದು ಅವರು ಲೇಥು ಚಾಲೂ ಮಾಡಿದರು.

ರಸ್ತೆಯವರೆಗೂ ಬಂದಿದ್ದೆ. ಇನ್ನು ನಾನೇ ಮಾಫಿ ಕೇಳಬೇಕು ಎಂದುಕೊಂಡೆ. ಆಗ ಗೊತ್ತಾಯಿತು, ಆಕೆಯ ಹೆಸರು ನನಗೆ ನೆನಪೇ ಇಲ್ಲ. ಮರಳಿ ಹೋಗಿ ಶೆಡ್ಡಿನ ಬಾಗಿಲಲ್ಲಿ ನಿಂತೆ.

"ಸಾಬ್ರೇ, ಆಕೆ ಹೆಸರೇನು?"

ಅವರು ತಲೆಯೆತ್ತಿದರು.

"ನನಗೆ ಆಕೆ ಹೆಸರು ಓದಿ ಹೇಳಿದೋರು ನೀವೇ ಅಲ್ಲೇನ್ರಿ?"

ಆಮೇಲೆ ಹೇಳಿದರು. ಲೇಥಿನ ಸದ್ದಿನಲ್ಲಿ ಸರಿಯಾಗಿ ಕೇಳಿಸದೆ ಇನ್ನೊಮ್ಮೆ ಹೇಳಿಸಿಕೊಂಡೆ.