ಗೆರೆ ದಾಟುವ ಶಾಸ್ತ್ರ

ಮೊನ್ನೆ ಭಾನುವಾರ ಕೆಜಿಎಫ್‌ನ ಛತ್ರವೊಂದರ ಬಾಗಿಲಲ್ಲಿ ಒಂದು ಅದ್ಭುತ ಕಂಡೆ. ಒಳಗೆ ಹೋಗುವವರೆಲ್ಲ ಕೊಕ್ಕರೆಗಳ ಹಾಗೆ ಮಂಡಿ ಎತ್ತಿ ಎತ್ತಿ ಹೆಜ್ಜೆ ಹಾಕುತ್ತಿದ್ದರು. ರೇಷ್ಮೆ ಸೀರೆಯವರು, ಸೂಟಿನವರು, ಕಡೆಗೆ ವಿಡಿಯೋದವನು ಕೂಡ. ಹೊಸ್ತಿಲಿನ ಆಚೆ ಈಚೆ ಏಣಿಯ ಮೆಟ್ಟಿಲುಗಳಂತೆ ರಂಗೋಲಿಯ ಅಡ್ಡಗೆರೆಗಳು. ತುಳಿಯುವಂತಿಲ್ಲ, ದಾಟಬೇಕು.

ಪಕ್ಕದಲ್ಲಿದ್ದ ಹಿರಿಯರೊಬ್ಬರನ್ನು ಕೇಳಿದೆ, ‘ಇದು ಯಾವ ಶಾಸ್ತ್ರ?’

‘ಗೊತ್ತಿಲ್ವಾ ಸ್ವಾಮಿ? ನಮ್ ತಾತನ ಕಾಲದಿಂದ್ಲೂ ಐತೆ!’

ನಾನು ಗಂಭೀರವಾಗಿ ತಲೆಯಾಡಿಸಿದೆ. (ಈ ಶಾಸ್ತ್ರ ಹುಟ್ಟಿದ್ದು ಕಳೆದ ಮಾಘದಲ್ಲಿ, ಬಂಗಾರಪೇಟೆಯಲ್ಲಿ. ಹೆರಿಗೆಯ ಹೊತ್ತಿಗೆ ನಾನು ಅಲ್ಲೇ ಇದ್ದೆ.)

ಹೆತ್ತವಳು ಬೂದಿಕೋಟೆಯಲ್ಲಿರುವ ನಮ್ಮ ರತ್ನಕ್ಕ. ಸೋದರಮಾವನನ್ನೇ ಮದುವೆಯಾದವಳು, ಹಾಗಾಗಿ ಮುನಿಶಾಮಪ್ಪ ನಮ್ಮಿಬ್ಬರಿಗೂ ಮಾವ.

ಮಾವನಿಗೆ ಪಾರ್ಕಿನ್ಸನ್ ಕಾಯಿಲೆ. ಬಯಲಲ್ಲಿ ಹೇಗೋ ನಡೆಯುತ್ತಾರೆ. ಬಾಗಿಲು ಬಂತೋ, ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ. ಮನಸ್ಸು ಆಗಲೇ ನಡುಮನೆಯಲ್ಲಿ, ಮೈ ಇನ್ನೂ ಜಗಲಿಯಲ್ಲಿ. ‘ಎತ್ತು ಮಾವ ಕಾಲು’ ಅಂದರೆ, ‘ನಾನೇನ್ ಬ್ಯಾಡ ಅಂದ್ನಾ? ಅದ್ನೇ ಕೇಳು’ ಎಂದು ಕಾಲನ್ನೇ ತೋರಿಸುತ್ತಾರೆ.

ಒಂದು ಬೆಳಿಗ್ಗೆ ಹಾಗೇ ಹೊಸ್ತಿಲಲ್ಲಿ ನಿಂತುಬಿಟ್ಟಿದ್ದರು. ಅಕ್ಕ ಆಗಷ್ಟೇ ಅದರ ಮುಂದೆ ರಂಗೋಲಿ ಎಳೆದಿದ್ದಳು. ‘ಮಾವ, ತುಳುದ್ಬಿಟ್ಟೀಯ! ಈಗಿನ್ನೂ ಆಕಿದೀನಿ’ ಎಂದು ಕೂಗಿದಳು. ಮಾವ ಗೆರೆ ನೋಡಿದರು. ಕಾಲು ಎದ್ದಿತು. ದಾಟಿತು. ಗಂಡ ಹೆಂಡತಿ ಇಬ್ಬರೂ ಬೆರಗಾಗಿ ಆ ಕಾಲನ್ನೇ ನೋಡುತ್ತ ನಿಂತರು.

ಹೆಂಡತಿಯ ಭಯ ಎಂದು ನಾನು ತೀರ್ಪು ಕೊಟ್ಟೆ. ಡಾಕ್ಟರು ಒಪ್ಪಲಿಲ್ಲ. (ಅವರಿಗೆ ಇನ್ನೂ ಮದುವೆಯಾಗಿಲ್ಲ.) ನಡಿಗೆ ನಾವು ಯೋಚಿಸದೆ ಮಾಡುವ ಕೆಲಸವಂತೆ. ಅದನ್ನು ತಾನಾಗಿ ಶುರು ಮಾಡಿಸುವ ವ್ಯವಸ್ಥೆ ಮೆದುಳಿನ ಆಳದಲ್ಲಿದೆ. ಈ ಕಾಯಿಲೆಯಲ್ಲಿ ಅದು ಸೊರಗುತ್ತದೆ. ಕಣ್ಣೆದುರು ಗೆರೆಯಿದ್ದರೆ ನಡೆಯುವುದು ಹೋಗಿ ದಾಟುವುದಾಗುತ್ತದೆ, ಮೆದುಳಿನ ಅಪ್ಪಣೆ ಬೇರೆ ದಾರಿಯಲ್ಲಿ ಕಾಲಿಗೆ ಇಳಿಯುತ್ತದೆ. ಎಲ್ಲರಿಗೂ ಅಲ್ಲ, ಕೆಲವರಿಗೆ. ಮಾರಿಕುಪ್ಪಂ ರೈಲಿನಲ್ಲಿ ಓಡಾಡುವ ನಮಗೆ ಇದು ಅರ್ಥವಾಗದೇ? ಮೇನ್ ಲೈನ್ ಕೆಟ್ಟರೆ ಗಾಡಿಯನ್ನು ಲೂಪ್ ಲೈನಿಗೆ ಹಾಕುತ್ತಾರೆ.

ಇಷ್ಟರಲ್ಲಿ ಅಕ್ಕನ ಮಗಳು ಸುಜಾತಳ ಮದುವೆ ಬಂತು. ಗಂಡಿನವರು ಕೆಜಿಎಫ್‌ನ ನಂದಿದುರ್ಗ ಗಣಿಯ ಕಡೆಯವರು. ಮಗಳನ್ನು ತಾನೇ ಕೈ ಹಿಡಿದು ಮಂಟಪಕ್ಕೆ ಕರೆದೊಯ್ಯಬೇಕೆಂದು ಮಾವನ ಹಟ. ವೀಲ್‌ಚೇರ್ ತರಿಸಲೇ ಎಂದೆ.

‘ನನ್ ಮಗ್ಳ ಮದ್ವೆಗೆ ನಾನು ಸಾಮಾನ್ ಬಂದಂಗೆ ಬರಲ್ಲ ಕಣ್ಲಾ!’

ಬಂದರು. ಬಂಗಾರಪೇಟೆಯ ಛತ್ರದ ಬಾಗಿಲಲ್ಲಿ ನಿಂತರು. ನಿಂತೇಬಿಟ್ಟರು. ಹಿಂದೆ ಬೀಗರ ದಂಡು, ಒಳಗೆ ‘ಮುಹೂರ್ತ, ಮುಹೂರ್ತ’ ಎನ್ನುವ ಪುರೋಹಿತರು. ಸುಜಾತಳ ಕಣ್ಣಲ್ಲಿ ನೀರು. ನೆಂಟರಿಬ್ಬರು ಮಾವನನ್ನು ಎತ್ತಿಕೊಳ್ಳಲು ತೋಳೇರಿಸಿದರು.

ಅಕ್ಕ ಬಾಗಿಲ ಪಕ್ಕದ ರಂಗೋಲಿ ಡಬ್ಬಿ ತೆಗೆದುಕೊಂಡಳು. ರೇಷ್ಮೆ ಸೀರೆ ಎತ್ತಿ ಸಿಕ್ಕಿಸಿ, ಬಗ್ಗಿ, ಮಂಟಪದವರೆಗೂ ಸರಸರನೆ ಅಡ್ಡಗೆರೆಗಳನ್ನು ಎಳೆದಳು.

‘ಮಾವ, ತುಳುದ್ರೆ ನೋಡು ಮತ್ತೆ!’

ಕಾಲು ಎದ್ದಿತು. ಒಂದು ಗೆರೆ. ಇನ್ನೊಂದು. ಸುಜಾತ ಕೂಡ ಅಪ್ಪನ ತಾಳಕ್ಕೇ ಕಾಲೆತ್ತಿ ನಡೆದಳು. ಅಳುತ್ತ ಅಲ್ಲ, ನಗುತ್ತ.

‘ಇದೇನಮ್ಮಾ ಶಾಸ್ತ್ರ?’ ಅಂದರು ಗಂಡಿನ ಅಜ್ಜಿ.

‘ನಮ್ ಕಡೆ ಇಂಗೇ’ ಅಂದಳು ಅಕ್ಕ, ರೆಪ್ಪೆ ಮಿಟುಕಿಸದೆ.

ಸಾಕಲ್ಲ? ಅಜ್ಜಿ ‘ತೊಕ್ಕೊದ್ದು, ತೊಕ್ಕೊದ್ದು’ ಎಂದು ತೆಲುಗಿನಲ್ಲಿ ಗದರುತ್ತ ತಮ್ಮವರನ್ನೆಲ್ಲ ಗೆರೆ ತುಳಿಯದಂತೆ ದಾಟಿಸಿದರು. ಶಾಸ್ತ್ರ ಕೆಜಿಎಫ್ ರೈಲು ಹತ್ತಿತು.

ನಮ್ಮ ಉಳಿದ ಶಾಸ್ತ್ರಗಳು ಮಾತ್ರ ಹೇಗೆ ಹುಟ್ಟಿರಬೇಕು? ಯಾವ ಕಾಲದಲ್ಲಿ ಯಾವ ಮಾವನ ಕಾಲು ಎಲ್ಲಿ ನಿಂತಿತ್ತೋ!

ಮೊನ್ನೆಯ ಮದುವೆ ಸುಜಾತಳ ಮೈದುನನದು. ಮಾವ ಗೆರೆಗಳನ್ನೆಲ್ಲ ದಾಟಿ ಬಂದು ನನ್ನ ಪಕ್ಕ ಕುಳಿತರು. ಬಾಗಿಲಲ್ಲಿ ಕಾಲೆತ್ತುತ್ತಿದ್ದ ಜನರನ್ನು ನೋಡಿದರು. ಕಾಲಿನ ಹಾಗೇ ಅವರ ಮುಖವೂ ಬಿಗಿದಿದೆ, ನಗು ಈಗ ಬೇಗ ಮೂಡುವುದಿಲ್ಲ. ತಡವಾಗಿಯಾದರೂ ಬಂತು, ಪೂರ್ತಿ ಬಂತು.

‘ನೋಡ್ಲಾ, ಊರೆಲ್ಲಾ ನನ್ನಂಗೇ ನಡೀತೈತೆ. ಈಗ ಕಾಯ್ಲೆ ಯಾರ್ಗೆ?’