ಸೋಫಾಕ್ಕೆ ಮದ್ದು ಬಿಟ್ಟ ದೇವದಾಸಣ್ಣ

ಕಡಬ ಪೇಟೆಯಲ್ಲಿ ನನ್ನದೊಂದು ಫರ್ನಿಚರ್ ಅಂಗಡಿ ಇದೆ. ಸೋಫಾ ಮಾರುವುದು ಕಷ್ಟವಲ್ಲ. ಮಾರಿದ ಮೇಲೆ ಬರುವ ಫೋನುಗಳಿಗೆ ಉತ್ತರ ಹೇಳುವುದೇ ನಿಜವಾದ ಕಸುಬು. ಬಟ್ಟೆಯ ಸೋಫಾ ಕೊಂಡವರಿಗೆಲ್ಲ ಒಂದೇ ಪಾಠ ಹೇಳಿ ಕಳಿಸುತ್ತೇನೆ. ಆಗಾಗ ಮೆತ್ತೆ ಎತ್ತಿ ಧೂಳು ತೆಗೆಯಿರಿ. ಏನಾದರೂ ಚೆಲ್ಲಿದರೆ ಉಜ್ಜಬೇಡಿ, ಒಣ ಬಟ್ಟೆ ಒತ್ತಿ ಹೀರಿಸಿ. ನೀರು ಸುರಿದು ತೊಳೆಯಬೇಡಿ, ಒಳಗಿನ ಸ್ಪಂಜು ನಮ್ಮ ಊರಿನ ಮಳೆಗಾಲದಲ್ಲಿ ದೀಪಾವಳಿಯವರೆಗೂ ಒಣಗುವುದಿಲ್ಲ. ಎಲ್ಲರೂ ತಲೆ ಅಲ್ಲಾಡಿಸುತ್ತಾರೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ನಾನು ಹೇಳುವುದಿಲ್ಲ, ಏಕೆಂದರೆ ಅವರು ಗಿರಾಕಿಗಳು. ಒಬ್ಬರು ಫಿನಾಯಿಲ್ ಹಾಕಿ ಒರೆಸಿದ್ದಾರೆ. ಇನ್ನೊಬ್ಬರು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಲ್ಲಿಸಿ ಪೈಪಿನಲ್ಲಿ ನೀರು ಬಿಟ್ಟಿದ್ದಾರೆ. ಆದರೆ ಅಡಿಕೆ ಗೊನೆಗೆ ಬಿಡುವ ಮದ್ದನ್ನು ಸೋಫಾಕ್ಕೆ ಬಿಟ್ಟವರು ಪೆರಾಬೆಯ ದೇವದಾಸಣ್ಣ ಒಬ್ಬರೇ.

ಮದ್ದು ಎಂದರೆ ಶೇಕಡಾ ಒಂದರ ಬೋರ್ಡೋ ದ್ರಾವಣ. ಮೈಲುತುತ್ತು, ಸುಣ್ಣ, ನೀರು. ಮಳೆಗೆ ಗೊನೆ ಕೊಳೆಯದಿರಲಿ ಎಂದು ನಮ್ಮ ಕಡೆ ವರ್ಷವರ್ಷವೂ ಸಿಂಪಡಿಸುತ್ತಾರೆ. ಉಳಿದವರಿಗೆ ಅದು ಅಡಿಕೆಯ ಮದ್ದು. ದೇವದಾಸಣ್ಣನಿಗೆ ಅದು ಜಗತ್ತಿನ ಮದ್ದು. ಕಾಳುಮೆಣಸಿನ ಬುಡಕ್ಕೂ ಅದೇ, ಬಚ್ಚಲು ಗೋಡೆಯ ಪಾಚಿಗೂ ಅದೇ, ಬೇಲಿ ಗೂಟಕ್ಕೂ ಅದೇ. ಮನೆಯ ನಾಯಿಗೆ ಕಜ್ಜಿ ಆದಾಗ ಇವರು ಪಂಪು ಹೊರಗೆ ತೆಗೆಯುವುದನ್ನು ಕಂಡ ನಾಯಿ ಎರಡು ದಿನ ಮನೆಗೆ ಬರಲಿಲ್ಲ. ಬುದ್ಧಿವಂತ ನಾಯಿ.

ಮನುಷ್ಯ ಒಳ್ಳೆಯವರು. ಐವತ್ತು ದಾಟಿದೆ, ಯಾರಿಗೂ ಗಟ್ಟಿ ಮಾತು ಆಡಿದವರಲ್ಲ. ಅದೇ ಅವರ ಕಷ್ಟವೂ ಹೌದು. ಹೇಳಬೇಕಾದ ಮಾತನ್ನು ಹೇಳಬೇಕಾದವರಿಗೆ ಬಿಟ್ಟು ಬೇರೆ ಎಲ್ಲರಿಗೂ ಹೇಳುತ್ತಾರೆ. ಮನೆಯಲ್ಲಿ ಇರುವುದು ಮೂವರು: ಅವರು, ಹೆಂಡತಿ ಸುಪ್ರಿತಕ್ಕ, ತಾಯಿ ಚೆನ್ನಮ್ಮ. ತಾಯಿಯ ಹೆಸರು ಚೆನ್ನು; ಅಮ್ಮ ಎಂದು ಸೇರಿಸಿದ್ದು ನಾನು.

ಸೋಫಾ ಬರುವ ಮೊದಲು ಆ ಮನೆಯ ಚಾವಡಿಯಲ್ಲಿ ಹಲಸಿನ ಮರದ ಒಂದು ಬೆಂಚು ಇತ್ತು. ಸಂಜೆ ಬಿಸಿನೀರು ಮಿಂದು, ತಲೆಗೆ ತೆಂಗಿನೆಣ್ಣೆ ಹಾಕಿ, ಚೆನ್ನಮ್ಮ ಆ ಬೆಂಚಿನಲ್ಲಿ ಕೂತು ಗೋಡೆಗೆ ತಲೆ ಒರಗಿಸಿ ಧಾರಾವಾಹಿ ನೋಡುತ್ತಿದ್ದರು. ನೋಡುತ್ತಿದ್ದರು ಎನ್ನುವುದಕ್ಕಿಂತ ಜಗಳವಾಡುತ್ತಿದ್ದರು ಎನ್ನಬೇಕು. ಟಿವಿಯ ಒಳಗಿನ ಕೆಟ್ಟ ಹೆಂಗಸರಿಗೆ ಅವರು ಹೇಳುತ್ತಿದ್ದ ಬುದ್ಧಿಮಾತು ರಸ್ತೆಗೆ ಕೇಳುತ್ತಿತ್ತು. ಅವರ ತಲೆ ತಾಗುವ ಕಡೆ ಗೋಡೆಯಲ್ಲಿ ಎಣ್ಣೆಯ ದುಂಡಗಿನ ಕಪ್ಪು ಗುರುತು ಇತ್ತು. ಸೋಫಾ ಬರುತ್ತದೆಂದು ಗೋಡೆಗೆ ಹೊಸ ಬಣ್ಣ ಹೊಡೆಸಿದರು. ಗುರುತು ಮುಚ್ಚಿಹೋಯಿತು. ಬೆಂಚು ಹಿಂದಿನ ಜಗಲಿಗೆ ಹೋಯಿತು.

ಸೋಫಾ ಆರಿಸಿದ್ದು ಸುಪ್ರಿತಕ್ಕ. ಅವರು ಮುಟ್ಟಿದ್ದು ಅಂಗಡಿಯಲ್ಲೇ ಅತಿ ಬಿಳುಪಾದ ಕ್ರೀಮ್ ಬಣ್ಣದ ಬಟ್ಟೆಯದ್ದು.

"ಅಕ್ಕ, ನಮ್ಮ ಊರಿಗೆ ಇದು ಆಗುದಿಲ್ಲ. ಕಂದು ತೆಗೊಳ್ಳಿ, ಕೊಳೆ ಕಾಣುದಿಲ್ಲ," ಎಂದೆ.

"ಕೊಳೆ ಕಾಣದಿದ್ರೆ ಕೊಳೆ ಇಲ್ಲ ಅಂತ ಅಲ್ವಲ್ಲ, ಫಯಾಝಣ್ಣ?"

ಸುಪ್ರಿತಕ್ಕನ ತವರು ಸುಬ್ರಹ್ಮಣ್ಯ. ಯಾತ್ರೆಯವರಿಗೆ ಕೋಣೆ ಬಾಡಿಗೆಗೆ ಕೊಡುವ ಮನೆ. ಕಂಡವರೆಲ್ಲ ಬಂದು ಕೂತು, ಮಲಗಿ, ಎದ್ದುಹೋಗುವ ಚಾಪೆ, ಕುರ್ಚಿ, ಹಾಸಿಗೆಗಳ ನಡುವೆ ಬೆಳೆದವರು. ತನ್ನದು ಎಂದು ಬೆಳ್ಳಗೆ ಇರುವ ಒಂದು ವಸ್ತು ಬೇಕು ಎಂದು ಆಸೆಪಟ್ಟರೆ ಅದರಲ್ಲಿ ತಪ್ಪೇನಿದೆ? ಸೋಫಾ ಮಾರುವವನು ಈ ಪ್ರಶ್ನೆಯನ್ನು ತುಂಬ ಹೊತ್ತು ಕೇಳಿಕೊಳ್ಳುವುದಿಲ್ಲ. ಗಾಡಿಗೆ ಹಾಕಿ ಕಳಿಸಿದೆ.

ಮರುದಿನವೇ ಫೋನು. ಚೆನ್ನಮ್ಮ ಸಂಜೆ ಮಿಂದು ಬಂದು ಸೋಫಾದಲ್ಲಿ ಕೂತಿದ್ದರು, ತಲೆ ಒರಗಿಸಿದ್ದರು. ಒರಗಿಸಿದಲ್ಲಿ ಎಣ್ಣೆಯ ಗುರುತು. ಮುಖದ ಪೌಡರು ಉದುರಿಸಿ, ಒಂದು ಗಂಟೆ ಬಿಟ್ಟು, ಮೆದು ಬ್ರಶ್ಶಿನಲ್ಲಿ ಗುಡಿಸಿ, ಉಳಿದರೆ ಪಾತ್ರೆ ತೊಳೆಯುವ ಲಿಕ್ವಿಡಿನ ನೊರೆ ಮಾತ್ರ ಮುಟ್ಟಿಸಿ ಎಂದೆ. ಸುಪ್ರಿತಕ್ಕ ನನ್ನ ಪಾಠವನ್ನು ಅಕ್ಷರಶಃ ಪಾಲಿಸಿದ ಏಕೈಕ ಗಿರಾಕಿ. ಗುರುತು ಹೋಯಿತು. ಮರುದಿನ ಅತ್ತೆ ಬರುವ ಹೊತ್ತಿಗೆ ಸೋಫಾದ ಬೆನ್ನಿನ ಮೇಲೆ ಮೈ ಒರೆಸುವ ಒಂದು ಬೈರಾಸು ಹಾಸಿದ್ದರು. ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. ಬೈರಾಸು ಹಾಸಿದರು, ಅಷ್ಟೇ. ಚೆನ್ನಮ್ಮ ಬಂದರು, ಬೈರಾಸು ನೋಡಿದರು, ಹಿಂದಿನ ಜಗಲಿಗೆ ಹೋಗಿ ಬೆಂಚಿನಲ್ಲಿ ಕೂತರು. ಮತ್ತೆ ಚಾವಡಿಗೆ ಬರಲಿಲ್ಲ.

ಇದನ್ನೆಲ್ಲ ನನಗೆ ಹೇಳಿದ್ದು ದೇವದಾಸಣ್ಣ. ಒಂದು ದಿನ ಅಂಗಡಿಗೆ ಬಂದು, ಮಾರಾಟಕ್ಕಿಟ್ಟ ಸೋಫಾದ ತುದಿಯಲ್ಲಿ ಕೂತು ಕೇಳಿದರು.

"ಎಣ್ಣೆ ಹಿಡಿಯದ ಬಟ್ಟೆ ಉಂಟಾ ಫಯಾಝ್?"

"ತೊಳಿಲಿಕ್ಕೆ ಆಗುವ ಕವರ್ ಉಂಟು. ಯಾಕೆ?"

"ಕವರ್ ಹಾಕಿದ್ರೆ ಅಮ್ಮ ಕೂತುಕೊಳ್ಳುದಿಲ್ಲ. ಕರೆದ್ರೆ ಬೆಂಚು ಸಾಕು ಅಂತಾರೆ. ಧಾರಾವಾಹಿ ಹಿಂದಿನಿಂದ ಕೇಳ್ತಾರೆ. ಟಿವಿಗೆ ಬೈಯುದು ಸಹ ಬಿಟ್ಟಿದ್ದಾರೆ ಮಾರಾಯ."

"ಸುಪ್ರಿತಕ್ಕನಿಗೆ ಹೇಳಿದ್ರಾ?"

"ಎಂತ ಹೇಳುದು? ಅವಳು ಎಂತದೂ ಮಾಡ್ಲಿಲ್ಲಲ್ಲ!"

ಅದು ನಿಜವಾಗಿತ್ತು. ಯಾರೂ ಏನೂ ಮಾಡಿರಲಿಲ್ಲ. ಏನಾದರೂ ಮಾಡಿದ್ದರೆ ಜಗಳವಾಗಿ ಮುಗಿಯುತ್ತಿತ್ತು. ದೇವದಾಸಣ್ಣನಿಗೆ ಬೇಕಾದದ್ದು ಒಂದೇ, ಅಮ್ಮ ಮೊದಲಿನ ಹಾಗೆ ಎದುರು ಬಂದು ಕೂರಬೇಕು. ಅದನ್ನು ನನ್ನಂಥ ಹೊರಗಿನವನ ಹತ್ತಿರ ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ನಾನು ಕವರುಗಳ ಸ್ಯಾಂಪಲ್ ತೋರಿಸಿದೆ. ನನ್ನಿಂದ ಆಗುವುದು ಅಷ್ಟೇ.

ಮಳೆ ಹಿಡಿಯಿತು. ಹಸಿಗಾಳಿ ತಾಗದಿರಲಿ ಎಂದು ಸುಪ್ರಿತಕ್ಕ ಸೋಫಾ ಬಂದಾಗ ಸುತ್ತಿದ್ದ ಪ್ಲಾಸ್ಟಿಕ್ಕನ್ನೇ ಮತ್ತೆ ಸುತ್ತಿ, ಟೇಪು ಹಚ್ಚಿಬಿಟ್ಟರು. ನನ್ನನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಬಟ್ಟೆಗೂ ಉಸಿರು ಬೇಕು. ಅಷ್ಟು ದಿನ ಕೇಳಿ ಕೇಳಿ ಮಾಡಿದವರು ಆ ಒಂದು ಸಲ ಕೇಳಲಿಲ್ಲ. ಆಮೇಲೆ ಜಾಲ್ಸೂರಿನಲ್ಲಿ ತಂಗಿ ಹೆತ್ತಳೆಂದು ನೋಡಿಕೊಳ್ಳಲು ಹೋದರು.

ಅವರು ಹೋದ ಮೇಲೆ ದೇವದಾಸಣ್ಣನಿಗೆ ಚಾವಡಿಯಲ್ಲಿ ವಾಸನೆ ಬಂತು. ಪ್ಲಾಸ್ಟಿಕ್ ಬಿಚ್ಚಿದರು. ಮೆತ್ತೆಯಿಂದ ಹಿಡಿದು ಬೆನ್ನಿನವರೆಗೆ ಬೂಷ್ಟು. ನನಗೆ ಫೋನು ಮಾಡಿದರು.

"ಫಯಾಝ್, ಸೋಫಾಕ್ಕೆ ಕೊಳೆರೋಗ ಬಂದಿದೆ."

"ಹೆದರ್ಬೇಡಿ. ಹೊರಗೆ ತಂದು ಒಣ ಬ್ರಶ್ಶಿನಲ್ಲಿ ಗುಡಿಸಿ, ಮೂಗಿಗೆ ಬಟ್ಟೆ ಕಟ್ಟಿ. ಮತ್ತೆ ವಿನೆಗರ್ ಮತ್ತು ನೀರು ಅರ್ಧ ಅರ್ಧ ಮಾಡಿ ತೆಳ್ಳಗೆ ಸ್ಪ್ರೇ ಮಾಡಿ, ಫ್ಯಾನು ಹಾಕಿ ಒಣಗಿಸಿ."

"ಅರ್ಧ ಅರ್ಧ ತುಂಬ ಸ್ಟ್ರಾಂಗ್ ಆಯ್ತು ಮಾರಾಯ. ಶೇಕಡಾ ಒಂದು ಸಾಕು."

ಯಾವುದರ ಶೇಕಡಾ ಒಂದು ಎಂದು ನಾನು ಕೇಳಬೇಕಿತ್ತು. ಅಷ್ಟರಲ್ಲಿ ಡೈನಿಂಗ್ ಟೇಬಲಿನ ಗಿರಾಕಿ ಬಂದರು.

ತೋಟಕ್ಕೆ ಎರಡನೇ ಮದ್ದು ಬಿಡಲು ತಂದಿಟ್ಟ ಮೈಲುತುತ್ತು ಮನೆಯಲ್ಲಿತ್ತು. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಶೆಡ್ಡಿಗೆ ಸೋಫಾವನ್ನು ಎಳೆದು ತಂದರು. ಮೈಲುತುತ್ತು ಒಂದು ಬಕೆಟಿನಲ್ಲಿ, ಸುಣ್ಣ ಇನ್ನೊಂದರಲ್ಲಿ. ಎರಡನ್ನೂ ಸೇರಿಸಿದ ಮೇಲೆ ಆ ಮನೆಯಲ್ಲಿ ಒಂದು ಕ್ರಮವಿದೆ: ಮದ್ದು ಸರಿಯಾಯಿತೋ ಇಲ್ಲವೋ ಎಂದು ನೋಡುವವರು ಚೆನ್ನಮ್ಮ. ಗಂಡ ಇದ್ದ ಕಾಲದಿಂದಲೂ ಅವರೇ. ಉಜ್ಜಿದ ಕತ್ತಿಯನ್ನು ಮದ್ದಿಗೆ ಅದ್ದಿ ತೆಗೆಯಬೇಕು, ಅಲಗು ಕೆಂಪಾದರೆ ಸುಣ್ಣ ಸಾಲದು ಎಂದು ಅರ್ಥ.

"ಅಮ್ಮ, ಕತ್ತಿ ತನ್ನಿ," ಎಂದು ದೇವದಾಸಣ್ಣ ಕರೆದರು.

ಹಿಂದಿನ ಜಗಲಿಯಿಂದ ಚೆನ್ನಮ್ಮ ಕತ್ತಿ ಹಿಡಿದು ಬಂದರು. ಸೋಫಾ ನೋಡಿದರು, ಮಗನನ್ನು ನೋಡಿದರು. ಅದ್ದಿದರು, ತೆಗೆದರು, ಬೆಳಕಿಗೆ ಹಿಡಿದರು.

"ಸುಣ್ಣ ಸಾಲದು."

ಇನ್ನಷ್ಟು ಸುಣ್ಣ ಬಿತ್ತು. ಮತ್ತೆ ಅದ್ದಿದರು. ಈ ಸಲ ಅಲಗು ಹೊಳೆಯಿತು.

"ರಾಳ ಹಾಕಿದ್ಯಾ ದೇವು? ಇಲ್ಲದಿದ್ರೆ ಮಳೆಗೆ ತೊಳೆದು ಹೋಗ್ತದೆ."

ರಾಳ ಎಂದರೆ ಮದ್ದು ಗೊನೆಗೆ ಬಿಗಿಯಾಗಿ ಹಿಡಿಯಲು ಸೇರಿಸುವ ಅಂಟು. ಚಾವಡಿಯೊಳಗೆ ಇರುವ ಸೋಫಾಕ್ಕೆ ಮಳೆ ಎಲ್ಲಿಂದ ಬರಬೇಕು ಎಂದು ತಾಯಿಗೂ ಹೊಳೆಯಲಿಲ್ಲ, ಮಗನಿಗೂ ಹೊಳೆಯಲಿಲ್ಲ. ರಾಳವೂ ಬಿತ್ತು. ತಾಯಿ ಪಂಪು ಒತ್ತಿದರು, ಮಗ ಬಿಟ್ಟರು. ಮೇಲೆ, ಕೆಳಗೆ, ಮೆತ್ತೆಯ ಸಂದು, ಕಾಲಿನ ಬುಡ, ಒಂದು ಕಡೆಯೂ ಬಿಡಲಿಲ್ಲ. ಕೆಲಸ ಅಚ್ಚುಕಟ್ಟಾಗಿತ್ತು ಎಂದು ನಾನು ಒಪ್ಪುತ್ತೇನೆ.

ಸುಪ್ರಿತಕ್ಕ ಜಾಲ್ಸೂರಿನಿಂದ ಬಂದ ದಿನ ನನ್ನ ಫೋನು ಹೊಡೆಯಿತು.

"ಫಯಾಝಣ್ಣ, ನಮಗೆ ನೀವು ಕೊಟ್ಟ ಸೋಫಾ ಯಾವ ಬಣ್ಣದ್ದು?"

"ಕ್ರೀಮ್."

"ಹಾಂ, ನೆನಪುಂಟಲ್ಲ. ಈಗ ಒಮ್ಮೆ ಬನ್ನಿ."

ಹೋದೆ. ಒಣಗಿದ ಸೋಫಾ ಚಾವಡಿಗೆ ವಾಪಸು ಬಂದಿತ್ತು. ತಿಳಿ ನೀಲಿ, ನಡುನಡುವೆ ಸುಣ್ಣದ ಬಿಳಿ ಇಳಿದ ಗೆರೆಗಳು. ಬೆರಳಲ್ಲಿ ತಟ್ಟಿದರೆ ಬಟ್ಟೆ ಹಪ್ಪಳದ ಹಾಗೆ ಸದ್ದು ಮಾಡಿತು. ಮೆತ್ತೆ ಎತ್ತಿ, ಸಂದಿಗೆ ಟಾರ್ಚು ಬಿಟ್ಟು ನೋಡಿದೆ.

"ಬೂಷ್ಟು ಒಂದು ಚೂರೂ ಇಲ್ಲ," ಎಂದೆ. ಇದ್ದದ್ದನ್ನು ಹೇಳಬೇಕಲ್ಲ.

"ನಾನು ಹೇಳ್ಲಿಲ್ವಾ?" ಎಂದರು ದೇವದಾಸಣ್ಣ.

"ಈ ನೀಲಿ ಹೋಗುದುಂಟಾ?" ಎಂದು ಸುಪ್ರಿತಕ್ಕ ಕೇಳಿದರು.

"ಇಲ್ಲ ಅಕ್ಕ. ರಾಳ ಹಾಕಿದ್ದಾರೆ. ಬಟ್ಟೆಯೇ ಬದಲಿಸಬೇಕು. ಅಲ್ಲಿಯವರೆಗೆ ಮೇಲೆ ಎಂತಾದ್ರೂ ಹಾಸದೆ ಕೂತುಕೊಳ್ಬೇಡಿ, ಹುಡಿ ಉದುರ್ತದೆ, ಮೈಗೆ ಒಳ್ಳೇದಲ್ಲ." ಅಳತೆ ತೆಗೆಯಲು ಟೇಪು ಬಿಚ್ಚಿದೆ.

"ಇನ್ನು ನಾನು ಇದಕ್ಕೆ ಕೈ ಹಾಕುದಿಲ್ಲ," ಎಂದು ಸುಪ್ರಿತಕ್ಕ ಗಂಡನ ಕಡೆ ತಿರುಗಿದರು. "ಯಾರು ಬೇಕಾದ್ರೂ ಕೂತುಕೊಳ್ಳಿ. ಬೇಕಾದ್ರೆ ಅಡಿಕೆ ಸಹ ಇದರಲ್ಲೇ ಒಣಗಿಸಿ!"

ಮಾಡಿದ್ದುಣ್ಣೋ ಮಾರಾಯ ಎಂಬಂತೆ ದೇವದಾಸಣ್ಣ ಗೋಡೆಗೆ ಒರಗಿ ನಿಂತಿದ್ದರು. ಆಗ ಹಿಂದಿನಿಂದ ಚೆನ್ನಮ್ಮ ಬಂದರು. ಮಿಂದಾಗಿತ್ತು, ತಲೆಯಲ್ಲಿ ಎಣ್ಣೆ ಮಿನುಗುತ್ತಿತ್ತು. ನೇರ ಬಂದು ಸೋಫಾದ ನಡುವೆ ಕೂತರು, ಬೆನ್ನು ಹಿಂದಕ್ಕೆ ಹಾಕಿದರು, ತಲೆ ಒರಗಿಸಿದರು. ಟೇಪಿನ ಒಂದು ತುದಿ ಅವರ ಅಡಿಗೆ ಸಿಕ್ಕಿಬಿದ್ದಿತು.

ಸುಪ್ರಿತಕ್ಕ ಅತ್ತೆಯ ಎದುರು ಬಂದು ನಿಂತರು.

"ಅಷ್ಟು ಸಲ ಕರೆದ್ರೂ ಬರ್ಲಿಲ್ಲ ಅತ್ತೆ ನೀವು. ಈಗ ಹಾಳಾದ ಮೇಲೆ ಬಂದು ಕೂತ್ರಿ."

"ಆಗ ಹೆದರಿಕೆ ಮಗಾ," ಎಂದರು ಚೆನ್ನಮ್ಮ. ಸ್ವರದಲ್ಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ಸುಣ್ಣ ಸಾಲದು ಎಂದ ಹಾಗೆಯೇ ಹೇಳಿದರು. "ನನ್ನದು ಅದಕ್ಕೆ ಹಿಡಿತಿತ್ತಲ್ಲ. ಈಗ ಮದ್ದು ಬಿಟ್ಟಾಯ್ತು. ಇನ್ನು ನನ್ನಿಂದ ಅದಕ್ಕೆ ಎಂತದೂ ಹಿಡಿಯುದಿಲ್ಲ."

ದೇವದಾಸಣ್ಣ ತಲೆ ತಗ್ಗಿಸಿದರು. ನಾನು ಹಿಡಿದಿದ್ದ ಟೇಪಿನ ತುದಿ ಕೈಬಿಟ್ಟೆ. ಪೌಡರಿನ ಪಾಠ ಹೇಳಿಕೊಟ್ಟದ್ದು ನಾನಲ್ಲವೇ. ಆ ಪೌಡರು ಹಾಕಿ ಗುಡಿಸುವುದನ್ನು ಬಾಗಿಲ ಹಿಂದೆ ನಿಂತು ಯಾರು ನೋಡಿರಬಹುದು ಎಂದು ಯಾವ ಅಂಗಡಿಯವನು ಯೋಚಿಸುತ್ತಾನೆ?

ಸುಪ್ರಿತಕ್ಕ ಒಳಗೆ ಹೋದರು. ಬಂದಾಗ ಕೈಯಲ್ಲಿ ಮಡಚಿದ ಒಂದು ಬೆಡ್‌ಶೀಟು. ಮತ್ತೆ ಅದೇ ಬೈರಾಸಿನ ಕಥೆ ಎಂದು ನನಗೆ ನಿಜಕ್ಕೂ ಸಿಟ್ಟು ಬಂತು. ಹಾಸಬೇಕೆಂದು ಹೇಳಿದ್ದು ನಾನೇ ಎನ್ನುವುದು ಆ ಹೊತ್ತಿಗೆ ಮರೆತುಹೋಗಿತ್ತು. ಚೆನ್ನಮ್ಮನೂ ಬೆಡ್‌ಶೀಟು ಕಂಡರು. ಕಂಡವರೇ ಏಳಲು ಹೊರಟರು, ಹಿಂದಿನ ಜಗಲಿಯ ಕಡೆಗೆ ಮುಖ ಮಾಡಿ.

ಸುಪ್ರಿತಕ್ಕ ಅತ್ತೆಯ ಕೈ ಹಿಡಿದು ನಿಲ್ಲಿಸಿದರು. ಮತ್ತೊಂದು ಕೈಯಲ್ಲಿ ಅವರ ಸೀರೆಯ ಹಿಂಭಾಗಕ್ಕೆ ಅಂಟಿದ್ದ ನೀಲಿ ಹುಡಿ ಕೊಡವಿದರು, ಕೂದಲಿಗೆ ತಾಗಿದ್ದನ್ನು ತನ್ನ ಸೆರಗಿನಿಂದ ಒರೆಸಿದರು.

"ಇದು ಸೋಫಾಕ್ಕೆ ಅಲ್ಲ ಅತ್ತೆ. ಸೋಫಾದ್ದು ನಿಮಗೆ ಹಿಡಿಯದಿರ್ಲಿ ಅಂತ."

ಬೆಡ್‌ಶೀಟು ಹಾಸಿ, ನಾಲ್ಕು ಮೂಲೆಯೂ ಸಂದಿಗೆ ಸೇರಿಸಿ, ಅತ್ತೆಯನ್ನು ಮತ್ತೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತರು. ಚೆನ್ನಮ್ಮ ಸ್ವಲ್ಪ ಹೊತ್ತು ನೆಟ್ಟಗೆ ಕೂತಿದ್ದರು. ಆಮೇಲೆ ತಲೆ ಹಿಂದಕ್ಕೆ ಒರಗಿಸಿ, "ದೇವು, ಟಿವಿ ಹಾಕು. ಆ ಹಾಳಾದವಳು ಎಂತ ಮಾಡಿದ್ದಾಳೆ ನೋಡುವ," ಎಂದರು.

ಅಳತೆ ಆ ದಿನ ತೆಗೆಯಲಾಗಲಿಲ್ಲ. ಟೇಪು ಚೆನ್ನಮ್ಮನ ಅಡಿಯಲ್ಲೇ ಇತ್ತು, ಕೇಳುವ ಧೈರ್ಯ ನನಗೆ ಬರಲಿಲ್ಲ. ಗೇಟಿನ ತನಕ ಬಂದಾಗ ಟಿವಿಯ ಒಳಗಿನ ಯಾವಳಿಗೋ ಬೈಗುಳ ಬೀಳುವುದು ಕೇಳಿಸಿತು.